ಐದನೆಯ ಬೇವು, ಆರನೆಯ ಬೇವು

ಶಾಲಿಗೆ ಅಂಚು ಹೊಲಿಯುವ ಕೆಲಸ ಯಾಕೋಬಪ್ಪನ ಪಾಲಿಗೆ ಬರದೇ ಹೋಗಿದ್ದರೆ ಈ ಗದ್ದಲವೇ ಆಗುತ್ತಿರಲಿಲ್ಲ.

ಶಹಾಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಅವನದೊಂದು ಹೊಲಿಗೆ ಅಂಗಡಿ. ಶನಿವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಚರ್ಚಿನ ಹೊಸ ಪಾಸ್ಟರ್ ಸೈಕಲ್ ಇಳಿದು ಬಂದು, ಕೆನೆಬಣ್ಣದ ಒಂದು ಶಾಲನ್ನು ಮಷೀನಿನ ಮೇಲೆ ಇಟ್ಟರು.

“ಯಾಕೋಬಪ್ಪ, ಇದಕ್ಕ ಹಸಿರು ಅಂಚು ಕೊಟ್ಟುಬಿಡು. ನಾಳಿ ಬಿಷಪ್ ಸಾಹೇಬ್ರು ಬರ್ತಾರ. ಕಾಲುವಿ ದಂಡಿ ಮ್ಯಾಲ ಯಾರ ಬೇವಿನ ಗಿಡ ಎಲ್ಲಾರಕಿಂತ ಚಂದ ಬಂದದ, ಅವ್ರಿಗೆ ಹೊದಿಸ್ತಾರ.”

“ಆಗ್ಲಿರಿ ಅಯ್ಯನೋರ” ಎಂದು ಯಾಕೋಬಪ್ಪ ಮಷೀನು ತುಳಿಯತೊಡಗಿದ. ಒಂದು ಮೊಳ ಹೊಲಿಯುವಷ್ಟರಲ್ಲಿ ಅವನ ಹೊಟ್ಟೆ ಉರಿಯತೊಡಗಿತು. ಎರಡು ಮೊಳ ಆಗುವಷ್ಟರಲ್ಲಿ ದಾರ ಮೂರು ಸಲ ಹರಿಯಿತು. ಈ ಶಾಲು ಯಾರ ಹೆಗಲಿಗೆ ಹೋಗುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದಾನಿಯೇಲ ಮಾಸ್ತರನ ಹೆಗಲಿಗೆ! ಮತ್ತ್ಯಾರ ಹೆಗಲಿಗೆ?

ದಾನಿಯೇಲ ಮಾಸ್ತರ ಅವನ ನೆರೆಮನೆಯವನು. ಇಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆದರೆ ದೇವರು ಆ ಗೋಡೆಯ ಆಚೆಗೇ ಎಲ್ಲವನ್ನೂ ಸುರಿದಿದ್ದಾನೆಂದು ಯಾಕೋಬಪ್ಪನ ಗಟ್ಟಿ ನಂಬಿಕೆ. ಮಾಸ್ತರನ ಬೋರಿನ ನೀರು ಸಿಹಿ, ಇವನದು ಬರೀ ಉಪ್ಪು. ಮಾಸ್ತರ ಚರ್ಚಿನಲ್ಲಿ ಹಾಡಿದರೆ ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಾರೆ, ಇವನು ಬಾಯಿ ತೆರೆದರೆ ಹಿಂದಿನ ಬೆಂಚಿನವರು ಕೆಮ್ಮುತ್ತಾರೆ. ಹೋಗಲಿ, ಯಾಕೋಬಪ್ಪನ ಕೋಳಿ ಕೂಡ ಇವನ ಮನೆಯಲ್ಲಿ ಕಾಳು ತಿಂದು, ಗೋಡೆ ಹಾರಿ, ಮಾಸ್ತರನ ಹಿತ್ತಿಲಲ್ಲಿ ಮೊಟ್ಟೆ ಇಡುತ್ತಿತ್ತು.

ಇದೆಲ್ಲದರ ಮೇಲೆ ಆ ಬೇವಿನ ಗಿಡ.

ಮೂರು ವರ್ಷಗಳ ಹಿಂದೆ ಚರ್ಚಿನವರು ಸೃಷ್ಟಿ ಸೇವಾ ಸಂಘ ಅಂತ ಒಂದನ್ನು ಕಟ್ಟಿದ್ದರು. ಕಾಲುವೆಗೆ ಕೃಷ್ಣೆಯ ನೀರು ಬಂದು ಅಷ್ಟೊತ್ತಿಗೆ ಹತ್ತು ವರ್ಷವಾಗಿತ್ತು. ಹೊಲಗಳಿಗೆ ಭತ್ತ ಬಂದಿತ್ತು, ಓಣಿಗೆ ಸೊಳ್ಳೆ ಬಂದಿತ್ತು, ಕಾಲುವೆಯ ದಂಡೆಗೆ ಜಾಲಿಮುಳ್ಳು ಮತ್ತು ಊರಿನ ಪ್ಲಾಸ್ಟಿಕ್ಕೆಲ್ಲ ಬಂದಿತ್ತು. ಸಂಘದವರು ಜಾಲಿ ಕಡಿದು, ಪ್ಲಾಸ್ಟಿಕ್ಕು ಆರಿಸಿ, ಹನ್ನೆರಡು ಮನೆಗೆ ಒಂದೊಂದರಂತೆ ಹನ್ನೆರಡು ಬೇವಿನ ಸಸಿ ನೆಟ್ಟರು. ಪ್ರತಿ ಸಸಿಯ ಮುಂದೆ ಒಂದು ಗೂಟ, ಗೂಟಕ್ಕೆ ಮನೆಯವರ ಹೆಸರಿನ ತಗಡು. ನೀರು ಹಾಕುವುದು ಮಾತ್ರ ಸರದಿಯ ಮೇಲೆ. ಯಾರ ಸರದಿ ಇದೆಯೋ ಅವರು ಹನ್ನೆರಡಕ್ಕೂ ಹಾಕಬೇಕು.

ಐದನೆಯ ಬೇವು ಮಾಸ್ತರನದು. ಮೂರೇ ವರ್ಷಕ್ಕೆ ಎರಡಾಳು ಎತ್ತರ ಬೆಳೆದು, ಕೆಳಗೆ ಎಮ್ಮೆ ಕಟ್ಟುವಷ್ಟು ನೆರಳು ಕೊಡುತ್ತಿತ್ತು. ಆರನೆಯದು ಯಾಕೋಬಪ್ಪನದು. ಅದು ಉಪ್ಪುಗಟ್ಟಿದ ಸವುಳು ನೆಲದಲ್ಲಿ ಮೊಣಕಾಲೆತ್ತರಕ್ಕೆ ನಿಂತು, ಜ್ವರ ಬಂದ ಮಗುವಿನ ಹಾಗೆ ನಾಲ್ಕು ಎಲೆ ಜೋತುಹಾಕಿಕೊಂಡಿತ್ತು. ಯಾಕೋಬಪ್ಪ ತನ್ನ ಸರದಿಯ ದಿನ ಆರನೆಯದಕ್ಕೆ ಮೂರು ಕೊಡ ಸುರಿದು, ಐದನೆಯದಕ್ಕೆ ಅರ್ಧ ಚೊಂಬು ತೋರಿಸಿ ಬರುತ್ತಿದ್ದ. ಆದರೂ ಬೆಳೆಯುವುದು ಐದನೆಯದೇ!

ಈಗ ಬಿಷಪ್ಪರು ಬರುತ್ತಾರೆಂದು ಹಳೆಯ ತಗಡುಗಳಿಗೆ ಹೊಸ ಬಣ್ಣ ಬಳಿಸಿ ಹೆಸರು ಬರೆಸಿದ್ದರು. ಬಿಷಪ್ಪರೇ ದಾರ ಕತ್ತರಿಸಿ ಬಿಚ್ಚಲೆಂದು ಪಾಸ್ಟರ್ ಶನಿವಾರ ಮಧ್ಯಾಹ್ನವೇ ಎಲ್ಲ ತಗಡುಗಳಿಗೂ ಹಳೇ ಪೇಪರು ಸುತ್ತಿ ಕಟ್ಟಿಬಿಟ್ಟಿದ್ದರು. ಅಂಚಿನ ಕೊನೆಯ ಹೊಲಿಗೆ ಹಾಕುವಾಗ ಯಾಕೋಬಪ್ಪನಿಗೆ ಇದು ನೆನಪಾಯಿತು. ಅವನ ಕಾಲು ಮಷೀನಿನ ಮೇಲೆ ಹಾಗೇ ನಿಂತಿತು.

ಒಳಗಿನ ಹೆಸರು ಯಾರಿಗೂ ಕಾಣುವುದಿಲ್ಲ. ಅಕ್ಕಪಕ್ಕದ ಎರಡು ಗಿಡಗಳಲ್ಲಿ ಯಾವುದು ಯಾರದೆಂದು ಅವರಿಬ್ಬರನ್ನು ಬಿಟ್ಟರೆ ಬೇರೆ ಯಾರೂ ನೆನಪಿಟ್ಟಿಲ್ಲ. ಪಾಸ್ಟರಂತೂ ಬಂದು ಮೂರು ತಿಂಗಳಾಗಿದೆಯಷ್ಟೇ. ಮಾಸ್ತರನೋ ದೊಡ್ಡ ಮನುಷ್ಯನೆನಿಸಿಕೊಂಡವನು, ಬಿಷಪ್ಪರ ಮುಂದೆ ಗಿಡಕ್ಕಾಗಿ ಜಗಳಕ್ಕೆ ನಿಲ್ಲುವುದಿಲ್ಲ.

ಭಾನುವಾರ ಬೆಳಕು ಹರಿಯುವ ಮೊದಲೇ ಯಾಕೋಬಪ್ಪ ಚೊಂಬು ಹಿಡಿದುಕೊಂಡು ಕಾಲುವೆಯ ಕಡೆಗೆ ಹೊರಟ. ಚೊಂಬು ಹಿಡಿದವನನ್ನು ಆ ಹೊತ್ತಿನಲ್ಲಿ ಯಾರೂ ಎಲ್ಲಿಗೆ ಅಂತ ಕೇಳುವುದಿಲ್ಲ. ಐದನೆಯ ಗೂಟ ಕಿತ್ತ, ಆರನೆಯ ಗೂಟ ಕಿತ್ತ, ಅದನ್ನಿಲ್ಲಿ ಇದನ್ನಲ್ಲಿ ನೆಟ್ಟು ಮಣ್ಣು ತುಳಿಯುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಕೆಮ್ಮು ಕೇಳಿಸಿತು.

“ಏನ್ ಮಾಡಾಕತ್ತೀ ಯಾಕೋಬಣ್ಣ, ಇಷ್ಟು ಹೊತ್ತಿಲೆ?”

ಕಾಲುವೆ ಕಾಯುವ ಹಸನಸಾಬ. ಅವನ ಗುಡಿಸಲು ಇರುವುದು ಅಲ್ಲೇ ತೂಬಿನ ಪಕ್ಕ.

ಯಾಕೋಬಪ್ಪ ಚೊಂಬು ಎತ್ತಿಕೊಂಡ. “ಏನಿಲ್ಲೋ ಮಾರಾಯ, ಗೂಟಕ್ಕ ಗೆದ್ದಲ ಹತ್ಯಾವೇನು ಅಂತ ನೋಡಾಕ ಬಂದೆ. ಬಿಷಪ್ ಸಾಹೇಬ್ರ ಮುಂದ ಬಿದ್ದುಗಿದ್ದು ಹೋದ್ರ ಮರ್ಯಾದಿ ಏನು ಉಳೀತದ?”

“ಖರೇ ಮಾತು ನೋಡು. ಅತ್ತಾಗ ಸರಿ, ನೀ ತುಳದ್ರ ಅದು ಎಲ್ಲಿ ನಿಲ್ತದ?” ಎಂದವನೇ ಹಸನಸಾಬ ಗುಡಿಸಲಿನಿಂದ ದೊಡ್ಡ ಸುತ್ತಿಗೆ ತಂದು, ಎರಡೂ ಗೂಟಗಳನ್ನು ಮೊಳದುದ್ದ ಕೆಳಗಿಳಿಯುವ ಹಾಗೆ ಬಡಿದ. “ಇನ್ನ ಆನಿ ಬಂದು ಜಗ್ಗಿದ್ರೂ ಬರಂಗಿಲ್ಲ.”

ಯಾಕೋಬಪ್ಪ ಹತ್ತು ಸಲ ಶುಕ್ರಿಯಾ ಹೇಳಿ ಮನೆಗೆ ಬಂದ. ಹೆಂಡತಿ ಸುಂದ್ರಮ್ಮ ರೊಟ್ಟಿ ಬಡಿಯುತ್ತಿದ್ದಳು.

“ಏನ್ರಿ, ಮಾರಿ ಇಷ್ಟು ಅರಳ್ಯಾದ? ಮಾಸ್ತರ್ ಮನ್ಯಾಗ ಏನರ ಕೆಟ್ಟದ್ದಾತೇನ್ರಿ?”

“ಛೇ ಛೇ, ಭಾನುವಾರ ದಿನ ಏನ್ ಮಾತಾಡ್ತೀ!” ಎಂದು ಯಾಕೋಬಪ್ಪ ಇಸ್ತ್ರಿ ಅಂಗಿ ಹಾಕಿಕೊಂಡ. ಶಾಲು ಚೆನ್ನಾಗಿ ಕೂರುವ ಹಾಗೆ ಅಂಗಿಯ ಕಾಲರನ್ನು ಎರಡು ಸಲ ಒಳಗೆ ಮಡಚಿ ನೋಡಿದ.

ಚರ್ಚು ಕಿಕ್ಕಿರಿದಿತ್ತು. ಬಿಷಪ್ಪರು ಬಂದರು, ಹಾಡಾಯಿತು, ಪ್ರಾರ್ಥನೆಯಾಯಿತು. ಆಮೇಲೆ ಸಾಕ್ಷಿಯ ಹೊತ್ತು. ಯಾರ ಮನಸ್ಸಿನಲ್ಲಿ ಏನಿದ್ದರೂ, ಮಾಡಿದ ತಪ್ಪೇ ಇರಲಿ, ಸಿಕ್ಕ ಕೃಪೆಯೇ ಇರಲಿ, ಎದ್ದು ನಿಂತು ಸಭೆಯ ಮುಂದೆ ಹೇಳುವ ರೂಢಿ ಅದು. ಸಾಮಾನ್ಯವಾಗಿ ಮುದುಕಿಯರು ಮೊಣಕಾಲು ನೋವು ಹೋದದ್ದನ್ನು ಹೇಳುತ್ತಿದ್ದರು. ಇವತ್ತು ಮುಂದಿನ ಬೆಂಚಿನಿಂದ ಎದ್ದವನು ದಾನಿಯೇಲ ಮಾಸ್ತರ.

“ಸಭೆಗೆ ವಂದನಿರಿ. ಮೂರು ವರ್ಷ ಆತು, ಒಂದು ಪಾಪ ಹೊಟ್ಟ್ಯಾಗ ಇಟ್ಕೊಂಡು ಕುಂತೀನಿ” ಎಂದ ಮಾಸ್ತರ. ಆ ಹಾಡುವ ದನಿ ಇವತ್ತು ನಡುಗುತ್ತಿತ್ತು. “ಸಸಿ ನೆಟ್ಟು ತಿಂಗಳಿಗೇ ನಮ್ಮ ಯಾಕೋಬಪ್ಪ ಮಗಳ ಬಾಣಂತನಕ್ಕಂತ ಹುಣಸಗಿಗೆ ಹೋಗಿದ್ದ. ಆವಾಗ ಶೇಖಮ್ಮನ ಎಮ್ಮಿ ಬಂದು ಎರಡೂ ಗೂಟ ಕೆಡವಿತ್ತು. ತಿರುಗಿ ನೆಟ್ಟಾಂವ ನಾನು. ಐದನೇ ಸಸಿ ಜೋರ್ ಚಿಗಿತಿತ್ತು, ಆರನೇದು ಸವುಳಾಗ ಒಣಗಾಕತ್ತಿತ್ತು. ನನಗ ಆಸಿ ಆತು. ಐದನೇದಕ್ಕ ನನ್ನ ಹೆಸರು ಹಚ್ಚಿದೆ. ತಿರುಗಿ ಬಂದ ಮ್ಯಾಲ ಅವಗ ಗುರುತು ಹತ್ತಲಿಲ್ಲ.”

ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿದರು. ಯಾಕೋಬಪ್ಪ ಬೆಂಚಿನ ತುದಿಗೆ ಸರಿದ.

“ಆ ದೊಡ್ಡ ಗಿಡ ಖರೇ ಅಂದ್ರ ಯಾಕೋಬಪ್ಪಂದು. ನಿನ್ನಿ ಸಂಜಿ ಪ್ರಾರ್ಥನಿ ಮುಗಿಸಿಕೊಂಡು ಹೋಗಿ ನಾನೇ ಗೂಟ ಬದಲ್ ಮಾಡಿ ಬಂದೀನಿ. ಈಗ ಐದನೇದಕ್ಕ ಅವನ ಹೆಸರೇ ಅದ. ಶಾಲ ಅವನಿಗೇ ಸಲ್ಲಬೇಕು. ಯಾಕೋಬಪ್ಪ, ನನ್ನ ಮಾಫ್ ಮಾಡೋ ತಮ್ಮಾ!”

ಮಾಸ್ತರ ಬಂದು ಯಾಕೋಬಪ್ಪನನ್ನು ಅಪ್ಪಿಕೊಂಡ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿದರು. ಯಾಕೋಬಪ್ಪನ ಕಣ್ಣಲ್ಲೂ ನೀರು ಬಂತು, ಆದರೆ ಅದರ ಕಾರಣ ಬೇರೆ. ಮೂರು ವರ್ಷ ಅವನು ತನ್ನ ಗಿಡವನ್ನೇ ನೋಡಿ ಹೊಟ್ಟೆ ಉರಿಸಿಕೊಂಡಿದ್ದ. ತನ್ನ ಗಿಡಕ್ಕೇ ಅರ್ಧ ಚೊಂಬು ನೀರು ಹಾಕಿದ್ದ. ಕೊನೆಗೆ ಅದು ತಾನಾಗಿ ಕೈಗೆ ಬಂದ ದಿನವೇ, ನಸುಕಿನಲ್ಲಿ ಎದ್ದು ಹೋಗಿ, ತನ್ನ ಕೈಯಾರೆ ಮಾಸ್ತರನ ಹೆಸರಿಗೆ ಬರೆದುಕೊಟ್ಟು ಬಂದಿದ್ದ!

ಕೊನೆಯ ಹಾಡಿಗೆ ಎಲ್ಲರೂ ಕಣ್ಣು ಮುಚ್ಚಿದರು. ಯಾಕೋಬಪ್ಪ ಪಕ್ಕದ ಬಾಗಿಲಿನಿಂದ ಹೊರಗೆ ಜಾರಿ, ಧೋತರ ಮೇಲೆತ್ತಿ ಕಾಲುವೆಯ ಕಡೆಗೆ ಓಟ ಕಿತ್ತ. ದಾರಿಯಲ್ಲಿ ಶೇಖಮ್ಮ ಎಮ್ಮೆ ಹೊಡೆದುಕೊಂಡು ಬರುತ್ತಿದ್ದಳು.

“ಯಾಕೋ ಯಪ್ಪಾ, ಯಾರಿಗೆ ಏನಾತು?”

“ಎಲ್ಲಾ ನಿನ್ನ ಎಮ್ಮಿಯಿಂದ ಆಗ್ಯಾದ!” ಎಂದು ಕೂಗಿ ಓಡಿದ. ಶೇಖಮ್ಮ ಅವನನ್ನೂ ಎಮ್ಮೆಯನ್ನೂ ಸರದಿಯಂತೆ ನೋಡುತ್ತ ನಿಂತಳು.

ಐದನೆಯ ಗೂಟ ಹಿಡಿದು ಜಗ್ಗಿದ. ಅಲುಗಲಿಲ್ಲ. ಕೂತು ಜಗ್ಗಿದ, ನಿಂತು ಜಗ್ಗಿದ, ಎರಡೂ ಕಾಲು ನೆಲಕ್ಕೆ ಒತ್ತಿ ಜಗ್ಗಿದ. ಹಸನಸಾಬನ ಸುತ್ತಿಗೆ ಕೆಲಸ ಅಂದರೆ ಕೆಲಸ. ಕೈ ಜಾರಿ ಯಾಕೋಬಪ್ಪ ಹಿಂದಕ್ಕೆ ಉರುಳಿ ಕಾಲುವೆಯ ಕೆಸರಿಗೆ ಬಿದ್ದ. ಬೇವಿನ ಕಾಂಡ ತಬ್ಬಿಕೊಂಡು ಮೇಲೆ ಏಳುವ ಹೊತ್ತಿಗೆ ಹಾಡು ಹೇಳುತ್ತ ಸಭೆಯೆಲ್ಲ ಬಂದೇಬಿಟ್ಟಿತು.

“ನೋಡ್ರಿ, ನೋಡ್ರಿ, ಗಿಡಾನ್ನ ಅಪ್ಗೊಂಡು ಅಳಾಕತ್ಯಾನ ಪಾಪ” ಎಂದಳು ಸ್ತ್ರೀ ಸಮಾಜದ ದೇವಕಮ್ಮ.

ಬಿಷಪ್ಪರು ನೇರವಾಗಿ ಐದನೆಯ ಬೇವಿನ ಹತ್ತಿರ ಬಂದು, ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದರು. ಪೇಪರು ಕೆಳಗೆ ಬಿತ್ತು. ತಗಡಿನ ಮೇಲೆ ಗುಂಡಗೆ, ಸ್ಪಷ್ಟವಾಗಿ, ‘ದಾನಿಯೇಲ’ ಎಂದಿತ್ತು.

ಹಾಡು ನಿಂತಿತು. ಮಾಸ್ತರ ತಗಡಿನ ಹತ್ತಿರ ಬಾಗಿ ನೋಡಿದ. “ಇಲ್ರಿ ಸಾಹೇಬ್ರ! ನಾ ಖರೇನೇ ಬದಲ್ ಮಾಡಿದ್ದೆ!”

“ಅಯ್ಯ ಮಾಸ್ತರ್, ಸಾಕ್ಷ್ಯಾಗೂ ಸುಳ್ಳು ಹೇಳೂದಾ?” ಎಂದು ದೇವಕಮ್ಮ ಕೆನ್ನೆಗೆ ಕೈ ಹಚ್ಚಿದಳು. ಗುಸುಗುಸು ಹಬ್ಬಿತು. ಮಾಸ್ತರ ತಲೆ ತಗ್ಗಿಸಿದ.

ಯಾಕೋಬಪ್ಪನ ಎದೆಯೊಳಗೆ ಏನೋ ತಣ್ಣಗೆ ಇಳಿಯಿತು. ಇಷ್ಟು ವರ್ಷದಲ್ಲಿ ಮಾಸ್ತರ ಓಣಿಯ ಮುಂದೆ ತಲೆ ತಗ್ಗಿಸಿದ್ದನ್ನು ಅವನು ನೋಡಿರಲಿಲ್ಲ. ಗಿಡ ಹೋದರೂ ಹೋಗಲಿ, ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ಇದೇ ಸಾಕು ಅಂತ ಅವನಿಗೆ ಅನಿಸಿತು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಹಸನಸಾಬ ಮುಂದೆ ಬಂದ.

“ಮಾಸ್ತರ್ ಸುಳ್ಳು ಹೇಳಂಗಿಲ್ರಿ ಸಾಬ್. ನಿನ್ನಿ ಸಂಜಿಮುಂದ ಅವ್ರು ಬಂದು ಗೂಟ ಬದಲ್ ಮಾಡಿದ್ದು ನಾ ಕಣ್ಣಾರೆ ನೋಡೀನಿ. ಇವತ್ತು ನಸಿಕಿನ್ಯಾಗ ಯಾಕೋಬಣ್ಣ ಬಂದು ತಿರುಗಿ ಬದಲ್ ಮಾಡಿದ್ದೂ ನೋಡೀನಿ. ಗೂಟ ಬಡದು ಕೊಟ್ಟಾಂವ ನಾನೇ.”

ಎಲ್ಲರ ಕಣ್ಣು ಯಾಕೋಬಪ್ಪನ ಮೇಲೆ. ಅವನು ಬೇವಿನ ಕಾಂಡಕ್ಕೆ ಒತ್ತಿ ನಿಂತ. ಇನ್ನು ಈ ಓಣಿಯಲ್ಲಿ ತನ್ನ ಬಾಳು ಮುಗಿಯಿತು, ಚರ್ಚಿನ ಹಿಂದಿನ ಬೆಂಚೂ ಸಿಗಲಿಕ್ಕಿಲ್ಲ ಅಂದುಕೊಂಡು ಕಣ್ಣು ಮುಚ್ಚಿದ.

ಅವನ ಹೆಗಲ ಮೇಲೆ ಬಿಷಪ್ಪರ ಕೈ ಬಿತ್ತು. ಅವರ ಕಣ್ಣು ತುಂಬಿತ್ತು.

“ಪ್ರಿಯರೇ, ನಿಮಗೆ ಅರ್ಥವಾಯಿತೇ? ಒಬ್ಬರು ತಮ್ಮ ತಪ್ಪನ್ನು ತಿದ್ದಿಕೊಂಡು ಗಿಡವನ್ನು ಒಡೆಯನಿಗೆ ಮರಳಿಸಿದರು. ಆದರೆ ಇವರು? ನೆರೆಯವನಿಗೆ ಅವಮಾನವಾಗಬಾರದೆಂದು, ಯಾರಿಗೂ ತಿಳಿಯದ ಹಾಗೆ, ನಸುಕಿನಲ್ಲಿ ಬಂದು, ತಮ್ಮದಾಗಿದ್ದನ್ನೇ ತಿರುಗಿ ಅವರ ಹೆಸರಿಗೆ ಬಿಟ್ಟುಕೊಟ್ಟರು! ನಾನು ಬಹಳ ಊರು ನೋಡಿದ್ದೇನೆ. ಇಂಥ ಹೊಟ್ಟೆಕಿಚ್ಚಿಲ್ಲದ ಮನುಷ್ಯನನ್ನು ನೋಡಿರಲಿಲ್ಲ.”

ಸಭೆಯೆಲ್ಲ ಗದ್ಗದವಾಯಿತು. ಮಾಸ್ತರ ಅಳುತ್ತ ಯಾಕೋಬಪ್ಪನ ಕೈ ಹಿಡಿದುಕೊಂಡ. ಸುಂದ್ರಮ್ಮ ಒಬ್ಬಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇರೆ ಕಡೆಗೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು.

ಯಾಕೋಬಪ್ಪನಿಗೆ ಜೀವ ಬಂತು. ಪಾಸ್ಟರ್ ತಟ್ಟೆಯಲ್ಲಿ ಶಾಲು ತಂದರು. ಅವನು ಕೆಸರಿನ ಕೈಯಿಂದಲೇ ಕಾಲರು ಒಳಗೆ ಮಡಚಿ, ಕುತ್ತಿಗೆ ಬಾಗಿಸಿ ನಿಂತ. ಬಿಷಪ್ಪರು ಶಾಲು ಬಿಡಿಸಿ ಎತ್ತಿ ಹಿಡಿದರು. ಹಿಡಿದವರು ಒಂದು ಕ್ಷಣ ಯೋಚಿಸಿದರು.

“ಇಲ್ಲ. ಸನ್ಮಾನ ಬೇಡವೆಂದು ಕದ್ದು ಬಂದು ಒಳ್ಳೆಯದು ಮಾಡಿದ ಮನುಷ್ಯ ಇವರು. ಇವರ ಹೆಗಲಿಗೆ ಶಾಲು ಹಾಕಿ ಮನಸ್ಸು ನೋಯಿಸುವುದು ಸರಿಯಲ್ಲ. ಇವರ ಇಚ್ಛೆಯಂತೆಯೇ ಆಗಲಿ. ಗಿಡ ದಾನಿಯೇಲರ ಹೆಸರಲ್ಲೇ ಇರಲಿ, ಶಾಲು ಅವರಿಗೇ ಸಲ್ಲಲಿ.”

“ಸಾಹೇಬ್ರ, ಹಂಗೇನಿಲ್ರಿ, ನನಗ ಹಾಕಿದ್ರೂ ನಡೀತದ...” ಎಂದು ಯಾಕೋಬಪ್ಪ ಕೈ ಎತ್ತಿದ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಶಾಲು ಮಾಸ್ತರನ ಹೆಗಲೇರಿತು. ಹಾಳಾದ್ದು, ಒಪ್ಪುತ್ತಲೂ ಇತ್ತು.

“ಮುಂದಿನ ತಿಂಗಳು ಇವರು ಸುರಪುರ, ಹುಣಸಗಿ, ನಾರಾಯಣಪುರ ಎಲ್ಲ ಸಭೆಗಳಿಗೂ ಹೋಗಿ ಸಾಕ್ಷಿ ಹೇಳಬೇಕು” ಎಂದರು ಬಿಷಪ್ಪರು. “ಈಗ ಇಲ್ಲಿಯೇ ಎರಡು ಮಾತು ಹೇಳಿ, ಯಾಕೋಬಪ್ಪನವರೇ. ಹೊಟ್ಟೆಕಿಚ್ಚನ್ನು ನೀವು ಹೇಗೆ ಗೆದ್ದಿರಿ?”

ಯಾಕೋಬಪ್ಪ ಮೊಣಕಾಲೆತ್ತರದ ಆರನೆಯ ಬೇವನ್ನು ನೋಡಿದ. ಐದನೆಯದರ ನೆರಳಿನಲ್ಲಿ ನಿಂತು ಶಾಲಿನ ಮಡಿಕೆ ಸರಿಮಾಡಿಕೊಳ್ಳುತ್ತಿದ್ದ ಮಾಸ್ತರನನ್ನು ನೋಡಿದ.

“ಇನ್ನಾ ಪೂರಾ ಗೆದ್ದಿಲ್ರಿ” ಎಂದ.

ಅವತ್ತು ಬೆಳಗಿನಿಂದ ಅವನು ಆಡಿದ ಖರೇ ಮಾತು ಅದೊಂದೇ. “ನೋಡಿದಿರಾ, ಎಂಥ ದೀನತೆ!” ಎಂದು ಬಿಷಪ್ಪರು ಉದ್ಗರಿಸಿದರು. ಸಭೆ ಇನ್ನೊಮ್ಮೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮಾಸ್ತರ.