ಬಲಕ್ಕೆ ವಾಲಿಸಿದ ದೊಡ್ಡಪ್ಪ

ಎಂಬತ್ತೇಳರ ದಸರೆಯ ಬೆಳಿಗ್ಗೆ ನಾನು ಜೋಗೇಶ್ವರಿಯ ನಮ್ಮ ಸಾಲುಮನೆಗಳ ಚಾಳಿನ ಮುಂದೆ, ನೀರಿನ ನಲ್ಲಿಯ ಎಡಗಡೆ ನಿಂತಿದ್ದೆ. ಅಲ್ಲಿಂದ ಕಂಡದ್ದನ್ನಷ್ಟೇ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು: ಜೋಗೇಶ್ವರಿಯಿಂದ ಅಂಧೇರಿಯವರೆಗಿನ ಅಂಗಡಿಸಾಲನ್ನೆಲ್ಲ ಬಲಕ್ಕೆ ವಾಲಿಸಿದವರು ನಮ್ಮ ದೊಡ್ಡಪ್ಪ!

ಅವರು ಬೋರ್ಡು ಬರೆಯುವ ಪೇಂಟರು. ಮೊದಲೆಲ್ಲ ಗಿರಾಕಿ ಹೇಳಿದ ಹಾಗೆ ಬರೆಯುತ್ತಿದ್ದರು. ಯಾರೋ ದುಬೈಯಿಂದ ತಂದ ಟೇಪ್‌ರೆಕಾರ್ಡರಿನ ಡಬ್ಬದ ಮೇಲಿನ ಅಕ್ಷರ ನೋಡಿದರು ನೋಡಿ, ಕೆಟ್ಟಿತು! ಅಗಲ ಮೈ, ಮುಂದಕ್ಕೆ ವಾಲಿದ ನಿಲುವು, ತುದಿಯಲ್ಲಿ ಬಾಲವಿಲ್ಲ, ಕೊಕ್ಕೆಯಿಲ್ಲ.

"ಇದು ಓಡುವ ಅಕ್ಷರ ಮಾರಾಯ. ಬಾಕಿದ್ದೆಲ್ಲ ಕೂತದ್ದು," ಎಂದರು. ಅಂದಿನಿಂದ ಇಂಗ್ಲಿಷಾಗಲಿ ನಾಗರಿಯಾಗಲಿ, ಅವರು ಬರೆದದ್ದೆಲ್ಲ ಓಡತೊಡಗಿತು.

ಹಲ್ಲಿನ ಡಾಕ್ಟರ ಬೋರ್ಡು ಓಡಿತು. ರೋಗಿಗಳ ಮನಸ್ಸಿನಲ್ಲಿದ್ದುದೂ ಅದೇ ತಾನೆ? ಅಂಧೇರಿಯ ಹೋಟೆಲಿನ ಗೋಡೆಯ ಮೇಲೆ ಹೆಸರು ಬರೆದಾಗ ಅಕ್ಷರ ಎಷ್ಟು ಅಗಲವಾಯಿತೆಂದರೆ, ಕೊನೆಯದೊಂದು ಪಕ್ಕದ ಸಲೂನಿನ ಗೋಡೆಗೆ ದಾಟಿತು. ಹೋಟೆಲಿನ ಶೆಟ್ಟರು ಕೆಂಡವಾದರು.

"ಎಂತದಿದು? ಚಾಕ್ಕೆ ಬಂದವ ಗಡ್ಡ ಬೋಳಿಸಿಕೊಂಡು ಹೋಗ್ತಾನಲ್ಲ!"

"ಹೋಗಲಿ ಶೆಟ್ರೆ. ನುಣ್ಣಗಾಗಿ ಚಾಕ್ಕೆ ಬರ್ತಾನೆ."

ಈ ವಾದ ಮನೆಯಲ್ಲಿ ನಡೆಯಲಿಲ್ಲ. ದೊಡ್ಡಮ್ಮನದು ಹಪ್ಪಳದ ವ್ಯಾಪಾರ. ರಸ್ತೆ ಅಗಲ ಮಾಡುವವರು ಅವರ ಅಂಗಡಿಯನ್ನು ಎರಡು ಸಲ ಎಬ್ಬಿಸಿದ್ದರು. ಈಗ ಚಾಳಿನ ಮುಂದಿನ ಕೋಣೆಯಲ್ಲೇ ಅಂಗಡಿ, ದಸರೆಗೆ ಶುರು.

"ನನ್ನ ಬೋರ್ಡಿನ ಅಕ್ಷರ ನೆಟ್ಟಗೆ ನಿಲ್ಲಬೇಕು. ಓಡಿದ್ದು ಸಾಕು ನನಗೆ," ಎಂದರು ದೊಡ್ಡಮ್ಮ.

"ನಿಂತ ಅಕ್ಷರ ಈಗ ಕೈಗೆ ಬರುವುದಿಲ್ಲ ಗಿರಿಜಾ."

"ಹಾಗಾದ್ರೆ ಬೋರ್ಡೂ ಬೇಡ, ಅಂಗಡಿಯೂ ಬೇಡ."

ಹೇಳಿದ್ದನ್ನು ಮಾಡುವವರು ದೊಡ್ಡಮ್ಮ. ದಸರೆಯವರೆಗೆ ಆ ಮನೆಯಲ್ಲಿ ಸದ್ದು ಮಾಡಿದ್ದು ಹಪ್ಪಳ ಮಾತ್ರ! ದೊಡ್ಡಪ್ಪ ಗುಟ್ಟಾಗಿ ನೆಟ್ಟಗಿನ ಅಕ್ಷರ ಬರೆದು ಒರೆಸುವುದನ್ನು ನಾನು ನೋಡಿದ್ದೇನೆ. ಪ್ರತಿ ಸಲವೂ ಕೈ ತಾನಾಗಿ ಬಲಕ್ಕೆ ಹೊರಳುತ್ತಿತ್ತು.

ದಸರೆಯ ಬೆಳಿಗ್ಗೆ ಅವರು ಬೋರ್ಡು ಹಿಡಿದು ಸ್ಟೂಲು ಹತ್ತಿದರು. ನಾಗರಿಯಲ್ಲಿ 'ಗಿರಿಜಾ', ಅದೇ ಅಗಲ, ಅದೇ ಓಟ. ದೊಡ್ಡಮ್ಮ ಆರತಿತಟ್ಟೆಯನ್ನು ಕೆಳಗಿಟ್ಟು ಒಳಗೆ ತಿರುಗಿದರು. ದೊಡ್ಡಪ್ಪ ಎಡತುದಿಗೆ ಮೊಳೆ ಹೊಡೆದರು. ಆಮೇಲೆ ಬಲತುದಿ ಮೇಲೇರತೊಡಗಿತು, ಇನ್ನೂ ಏರಿತು, ಸ್ಟೂಲು ಅಲುಗಿತು. ಬಿದ್ದರೆಂದೇ ತಿಳಿದೆ.

ಬೀಳಲಿಲ್ಲ. ಎಡತುದಿಗಿಂತ ಒಂದು ಗೇಣು ಮೇಲೆ ಬಲತುದಿಗೆ ಮೊಳೆ ಹೊಡೆದರು. ಬೋರ್ಡು ಏಣಿಯಂತೆ ಓರೆಯಾಗಿತ್ತು. ಆದರೆ ಅದರೊಳಗಿನ ಅಕ್ಷರಗಳ ನಿಲುಗೆರೆಗಳೆಲ್ಲ ಕಂಬದ ಹಾಗೆ ನೆಟ್ಟಗೆ ನಿಂತಿದ್ದವು.

"ನೋಡು ಗಿರಿಜಾ, ಅಕ್ಷರ ನಿಂತಿದೆ. ವಾಲಿದ್ದು ಬೋರ್ಡು."

ದೊಡ್ಡಮ್ಮ ತಿರುಗಿ ಬಂದು, ತಲೆಯನ್ನು ಎಡಕ್ಕೆ ವಾಲಿಸಿ ತಮ್ಮ ಹೆಸರು ಓದಿದರು. ಆಮೇಲೆ ಎರಡೂ ಕೈಯಲ್ಲಿ ಸ್ಟೂಲು ಹಿಡಿದುಕೊಂಡರು.

"ಮೊದಲು ಕೆಳಗಿಳಿಯಿರಿ. ನೀವು ನೆಟ್ಟಗಿದ್ರೆ ಸಾಕು."

ಅಂಗಡಿ ಮತ್ತೆ ಏಳದೆ ಅಲ್ಲೇ ನಿಂತಿತು. ಅಂದು ಇದನ್ನು ಕಂಡವರಲ್ಲಿ ಈಗ ಉಳಿದಿರುವುದು ನಾನು, ಮತ್ತು ಭಾಂಡುಪಿನಲ್ಲಿ ಮಗಳ ಮನೆಯಲ್ಲಿರುವ ದೊಡ್ಡಮ್ಮ. ಅವರ ಕೋಣೆಯಲ್ಲಿ ದೊಡ್ಡಪ್ಪನ ಫೋಟೊದ ಬಲತುದಿ ತುಸು ಮೇಲಿದೆ. ಸರಿಮಾಡಲು ಅವರು ಯಾರನ್ನೂ ಬಿಡುವುದಿಲ್ಲ.