ನೂರಹನ್ನೆರಡನೆಯ ಪುಟಕ್ಕೆ ಹಚ್ಚಿದ ಮೈದಾ ಅಂಟು

ತಿರುವನಂತಪುರ
೧೯-೧೦-೧೯೫೮

ಎರ್ನಾಕುಳದ ಕನ್ನಡ ಗೆಳೆಯರ ವೃಂದದ ಕಾರ್ಯದರ್ಶಿಗಳೂ ಗೌರವ ವಿಮರ್ಶಕರೂ ಆದ ಶ್ರೀ ಸುಬ್ರಾಯರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಹಸಿರು ಶಾಯಿಯೂ ಕ್ಷೇಮವೆಂದು ನಂಬಿ, ಇಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟಾಗಿರುವ ಕಾಸರಗೋಡಿನ ಸೌದಾಮಿನಿ ಮಾಡುವ ನಮಸ್ಕಾರಗಳು. ತಿಂಗಳಿಗೊಮ್ಮೆ ಕೊಟ್ಟಾಯಂ ದಾರಿಯ ರೈಲಿನಲ್ಲಿ ವೃಂದದ ಕಾದಂಬರಿಗಳ ತಗಡಿನ ಪೆಟ್ಟಿಗೆ ಬಂದಾಗ, ಹಗಲೆಲ್ಲ ಮಲಯಾಳ ಕೇಳಿ ದಣಿದ ನಮ್ಮ ಏಳು ಮನೆಗಳವರು ಅದನ್ನು ಹೊಸ ಸೊಸೆಯನ್ನು ಇಳಿಸಿಕೊಂಡಂತೆ ಇಳಿಸಿಕೊಳ್ಳುತ್ತೇವೆ. ಪ್ರತಿ ಪುಸ್ತಕದ ರಟ್ಟಿನ ಒಳಗೆ ತಮ್ಮ ವಿಮರ್ಶೆ ನಮ್ಮನ್ನು ಕಾಯುತ್ತಿರುತ್ತದೆ.

ಪ್ರಣಯ ಕಾದಂಬರಿಯ ಯಾವ ಬಗೆಯನ್ನೂ ತಾವು ಸುಮ್ಮನೆ ಬಿಟ್ಟವರಲ್ಲ. ಐತಿಹಾಸಿಕ ಪ್ರಣಯದ ಮೇಲೆ "ಕುದುರೆಯ ವರ್ಣನೆ ಉತ್ತಮ, ರಾಜಕುಮಾರಿಯ ವರ್ಣನೆ ಅನಾವಶ್ಯಕ" ಎಂದು ಬರೆದಿರಿ. ಪತ್ತೇದಾರಿ ಪ್ರಣಯಕ್ಕೆ "ಕೊಲೆಗಾರ ನಾಯಕಿಯ ಸೋದರಮಾವ, ಆದರೂ ಓದಬಹುದು" ಎಂದು ಮೊದಲ ಸಾಲಿನಲ್ಲೇ ಅಪ್ಪಣೆ ಕೊಟ್ಟು ನಮ್ಮ ಮೂರು ದಿನಗಳ ಆತಂಕವನ್ನು ತಪ್ಪಿಸಿದಿರಿ. ಸಾಮಾಜಿಕ ಪ್ರಣಯದ ಬಗ್ಗೆ, ನಾಯಕಿ ಹಿರಿಯರ ಮಾತು ಕೇಳಿದ್ದರೆ ಇನ್ನೂರು ಪುಟ ಕಾಗದ ಉಳಿಯುತ್ತಿತ್ತೆಂದು ತಾವು ಪಟ್ಟ ದುಃಖವನ್ನು ಓದಿ ನಾವೂ ಕಾಗದಕ್ಕಾಗಿ ಮರುಗಿದೆವು.

ಇಷ್ಟೇ ಆಗಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ಅಲ್ಲಿನ ಸದಸ್ಯರ ಓದು ಮುಗಿದು ಪೆಟ್ಟಿಗೆ ಇಲ್ಲಿಗೆ ಹೊರಡುವ ಮುನ್ನ, ಕುಟುಂಬದ ಓದಿಗೆ ತಕ್ಕುದಲ್ಲವೆಂದು ತಮಗೆ ತೋರಿದ ಪುಟಗಳ ಅಂಚಿಗೆಲ್ಲ ಮೈದಾ ಅಂಟು ಹಚ್ಚಿ ಮುಚ್ಚುವುದು ತಮ್ಮ ಪದ್ಧತಿ. ಓದುಗರು ತಮಗೆ ಮೆಚ್ಚಿಗೆಯಾದ ಪುಟದಲ್ಲಿ ಅಭಿಪ್ರಾಯದ ಚೀಟಿ ಇಡುವುದು ವೃಂದದ ಪದ್ಧತಿ. ಈ ಎರಡು ಪದ್ಧತಿಗಳು ಜೂನ್ ತಿಂಗಳಲ್ಲಿ, ಡಾಕ್ಟರೂ ನರ್ಸೂ ಇರುವ ಒಂದು ಆಸ್ಪತ್ರೆ ಪ್ರಣಯದ ನೂರಹನ್ನೆರಡನೆಯ ಪುಟದಲ್ಲಿ ಮುಖಾಮುಖಿಯಾದವು.

ಕೊಚ್ಚಿ ಬಂದರಿನ ಕಚೇರಿಯ ರತ್ನಾಕರರನ್ನು ತಾವು ಬಲ್ಲಿರಿ. ಕಳೆದ ವರ್ಷ ವೃಂದದ ನವರಾತ್ರಿ ಕೂಟದಲ್ಲಿ ಒಮ್ಮೆ ಮಾತಾಡಿದ ಮೇಲೆ ಅವರೂ ನಾನೂ ಚೀಟಿಗಳಲ್ಲೇ ಮಾತು ಮುಂದುವರಿಸಿದ್ದೆವು. ಆ ಪುಟದಲ್ಲಿ ಡಾಕ್ಟರು ನರ್ಸನ್ನು ಏನು ಕೇಳುತ್ತಾರೋ ಅದನ್ನೇ ತಾನೂ ಸೌದಾಮಿನಿಯವರನ್ನು ಕೇಳುತ್ತಿರುವುದಾಗಿ ಅವರು ಚೀಟಿ ಬರೆದಿಟ್ಟಿದ್ದರು. ತಾವು ಚೀಟಿಯನ್ನು ನೋಡದೆ, ಡಾಕ್ಟರನ್ನೂ ನರ್ಸನ್ನೂ ರತ್ನಾಕರರನ್ನೂ ಒಟ್ಟಿಗೆ ಅಂಟಿಸಿ ಕಳಿಸಿದಿರಿ. ಏನೂ ಅರಿಯದ ನಾನು ಎಂದಿನಂತೆ "ಸಾಧಾರಣ. ಮತ್ತೊಮ್ಮೆ ನೋಡುವ ಆಸೆಯಿಲ್ಲ" ಎಂದು ಅಭಿಪ್ರಾಯ ಬರೆದು ಪುಸ್ತಕ ಹಿಂತಿರುಗಿಸಿದೆ. ಅವರು ಅದನ್ನು ತಮ್ಮ ಪ್ರಶ್ನೆಗೆ ಉತ್ತರವೆಂದು ಓದಿಕೊಂಡರು. ಮರುವಾರವೇ ಮುಂಬಯಿಗೆ ವರ್ಗ ಕೇಳಿದರಂತೆ.

ಈ ತಿಂಗಳ ಮೊದಲ ವಾರ ಅದೇ ಪುಸ್ತಕ ನನ್ನ ಮನೆಯೊಡತಿ ವಿಜಯಕ್ಕನ ಹೆಸರಿಗೆ ಬಂತು. ತಾವು ಅಂಟಿಸಿದ ಪುಟಗಳನ್ನು, ಚಾಲೈ ಪೇಟೆಯಿಂದ ತಂದ, ಅಕ್ಕಿಹಿಟ್ಟಿನ ಪುಟ್ಟು ಬೇಯಿಸುವ ಪಾತ್ರೆಯ ಹಬೆ ಹಿಡಿದು ಬಿಡಿಸುವುದರಲ್ಲಿ ಅವರು ಪಳಗಿದ ಕೈ. ಪುಟ ಬಿಚ್ಚಿತು, ಚೀಟಿ ಬಿತ್ತು. "ಇದು ನಿನಗೇ ಬರೆದದ್ದು ಮಾರಾಯ್ತಿ" ಎಂದರು. ನಾನು ಮೊದಲು ನಕ್ಕೆ. ಆಮೇಲೆ ನಾಲ್ಕು ತಿಂಗಳು ರತ್ನಾಕರರು ಏನೆಂದುಕೊಂಡಿದ್ದರೋ ಎಂದು ನೆನೆದು ಅತ್ತೆ.

ಇಂಥದ್ದನ್ನು ಕಚೇರಿಗೆ ಬರೆಯಲಾಗದೆ, ಒಡನೆಯೇ ಅವರ ಮನೆಯ ವಿಳಾಸ ಕೇಳಿ ತಮಗೆ ಬರೆದದ್ದಕ್ಕೆ, ಸದಸ್ಯರ ವಿಳಾಸವನ್ನು ಅವಿವಾಹಿತ ಸ್ತ್ರೀಯರಿಗೆ ಕೊಡುವ ನಿಯಮವಿಲ್ಲವೆಂದು ಹಸಿರು ಶಾಯಿಯಲ್ಲಿ ಉತ್ತರ ಬಂತು. ತಮ್ಮ ನಿಯಮನಿಷ್ಠೆ ದೊಡ್ಡದು. ವಿಳಿಂಜಂನಲ್ಲಿ ಅಲೆಗಳು ಹಾಡಹಗಲೇ ದಡವನ್ನು ಅಪ್ಪಿಕೊಳ್ಳುತ್ತಿರುವುದರಿಂದ, ಎರಡು ಕೊಪ್ಪರಿಗೆ ಅಂಟಿನೊಡನೆ ದಯಮಾಡಿಸಿ ಅರಬ್ಬೀ ಸಮುದ್ರವನ್ನೂ ಮುಚ್ಚಿಕೊಡಬೇಕೆಂದು ಪ್ರಾರ್ಥನೆ.

ಅಷ್ಟರಲ್ಲಿ ನಿಯಮಾವಳಿ ತಿರುವಿದ ನನಗೆ, ಬರವಣಿಗೆಯಲ್ಲಿ ಬಂದ ಪ್ರತಿ ದೂರನ್ನೂ ಕಾರ್ಯದರ್ಶಿಗಳೇ ಮಾಸಿಕ ಸಭೆಯಲ್ಲಿ ಎದ್ದುನಿಂತು ಒಂದಕ್ಷರವೂ ಬಿಡದೆ ಓದತಕ್ಕದ್ದು ಎಂಬ ಏಳನೆಯ ನಿಯಮ ಕಂಡಿತು. ಇಪ್ಪತ್ತಾರರ ಸಭೆಯಲ್ಲೇ ರತ್ನಾಕರರ ಬೀಳ್ಕೊಡುಗೆಯೆಂದೂ ತಿಳಿಯಿತು. ಆದ್ದರಿಂದ ಇದು ದೂರು. ಮುಂದಿನ ಸಾಲನ್ನು, ತಾವು ಕೊಲೆಗಾರರ ಹೆಸರು ಹೇಳುವಷ್ಟೇ ಸ್ಪಷ್ಟವಾಗಿ, ರತ್ನಾಕರರು ಕೂರುವ ಮೂರನೆಯ ಸಾಲಿನ ಕುರ್ಚಿಗೂ ಕೇಳುವಂತೆ ಓದಬೇಕಾಗಿ ವಿನಂತಿ.

ರತ್ನಾಕರರೇ, ನನಗೆ ಒಪ್ಪಿಗೆ. ಮುಂಬಯಿಗೆ ಹೋಗಬೇಡಿ, ಹೋಗಲೇಬೇಕಾದರೆ ಇಬ್ಬರೂ ಹೋಗೋಣ.

ಹಬೆಯ ಮುಂದೆ ಕುಳಿತಿರುವ ತಮ್ಮ ವಿಶ್ವಾಸಿ,
ಸೌದಾಮಿನಿ

ತಾ.ಕ. (ಇದು ದೂರಿನ ಭಾಗವಲ್ಲ, ಸಭೆಯಲ್ಲಿ ಓದಬೇಕಿಲ್ಲ): ಅದೇ ಪುಟದ ಅಂಚಿನಲ್ಲಿ, ಡಾಕ್ಟರು ನರ್ಸಿನ ಕೈ ಹಿಡಿಯುವ ಕಡೆ, ಹಸಿರು ಶಾಯಿಯಲ್ಲಿ "ಆಹಾ!" ಎಂದು ಮೂರು ಸಲ ಬರೆದಿದೆ. ದೀಪಾವಳಿಗೆ ತಮ್ಮ ಮನೆಯವರಾದ ಸುಮಿತ್ರಮ್ಮ ಇಲ್ಲಿಗೆ ಬರುವವರಿದ್ದಾರೆ. ಅವರಿಗೆ ಪುಟ್ಟು ಬಹಳ ಇಷ್ಟವಂತೆ. ಮೇಲಿನ ದೂರಿನ ಯಾವ ಸಾಲೂ ಸಭೆಯಲ್ಲಿ ಅಂಟಿಕೊಳ್ಳದಿದ್ದರೆ, ಆ ಪುಟವನ್ನು ನಾನೇ ಮೈದಾ ಹಚ್ಚಿ ಮತ್ತೆ ಮುಚ್ಚಿಡುತ್ತೇನೆ.