ರೊಟ್ಟಿ ಬಡಿದು ಕಲಿತ ಇಂಗ್ಲಿಷು

ಇಡೀ ಚೆಂಬೂರಿನಲ್ಲಿ ಇಂಗ್ಲಿಷನ್ನು ಬಡಿದು ಬಡಿದು ಮಾತಾಡುವವರು ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ ಮಾತ್ರ. ಉತ್ಪ್ರೇಕ್ಷೆ ಅಲ್ಲ ಸ್ವಾಮಿ, ಎರಡೂ ಕೈಯಿಂದ ಬಡಿದು!

ಇದಕ್ಕೆಲ್ಲ ಕಾರಣ ಅತ್ತೆಯ ಮಗಳ ಮದುವೆ. ಹುಡುಗ ಬಾಂದ್ರಾದವನು. ಅವರ ಮನೆಯಲ್ಲಿ ನಾಯಿಯನ್ನು ಗದರಿಸುವುದೂ ಇಂಗ್ಲಿಷಿನಲ್ಲೇ. ರಿಸೆಪ್ಶನ್ನಿನಲ್ಲಿ ಹುಡುಗಿಯ ತಂದೆ ಎದ್ದು ನಾಲ್ಕು ಮಾತಾಡುವುದು ಅವರ ರಿವಾಜು. ನಮ್ಮ ಮಾವ ತೀರಿಕೊಂಡು ಎಷ್ಟೋ ವರ್ಷಗಳಾದವು. "ದಾದಾ, ನೀ ಮಾತಾಡ್ತಿ ಕ್ಯಾ?" ಎಂದು ಮಗಳು ಅಣ್ಣನ ಸ್ಥಾನದ ನನ್ನನ್ನು ಕೇಳಿದ್ದೇ ತಡ, ಅತ್ತೆ ಒಳಗಿನಿಂದ ಸಿಡಿದು ಬಂದಳು.

"ಹೆತ್ತಾಕಿ ನಾನು. ಮಾತಾಡಾಕ ಇವ ಯಾಕ?"

"ಅವ್ವಾ, ವೋ ಲೋಗ್ ಸಬ್ ಇಂಗ್ಲಿಷ್... ನಗ್ತಾರ ನಾ! ನಿನಗ ಯಾರರ ನಕ್ಕರ ನಂಗ ಸಹನ್ ಆಗಂಗಿಲ್ಲ."

"ನಗಲಿ! ಹಲ್ಲು ಅವರವು. ನಾ ಇಂಗ್ಲಿಷ್‌ನಾಗ ಮಾತಾಡಾಕಿ. ಅದೂ ಸಾದಾ ಇಂಗ್ಲಿಷ್ ಅಲ್ಲ, ನುಡಿಗಟ್ಟಿಂದು!"

ಗುರು ಸಿಕ್ಕಿದ್ದು ಮೊಬೈಲಿನೊಳಗೆ. ಅಲ್ಲೊಬ್ಬ ಮೇಡಂ ಪಾಠ ಮಾಡುತ್ತಾರೆ. ಅತ್ತೆ ಸೆರಗು ಹೊದ್ದು ಕೂತು "ಹೂಂ ಬಾಯಿ" ಎಂದು ಮೇಡಮ್ಮಿಗೆ ಓಗೊಡುತ್ತಾಳೆ. ಮೇಡಂ ಹೇಳಿದ ಮೊದಲ ಮಾತು: ನುಡಿಗಟ್ಟಿನಲ್ಲಿ ಮೊದಲಿನ ಪದಗಳು ಹಗುರ, ಒತ್ತು ಬೀಳುವುದು ಕೊನೆಯ ಪದಕ್ಕೆ. ಕನ್ನಡದವರಿಗೆ ಇದು ಆಗುವ ಮಾತೇ? ಪಂಕ್ತಿಯಲ್ಲಿ ಬಡಿಸಿದಂತೆ ಎಲ್ಲ ಅಕ್ಷರಕ್ಕೂ ಸಮಪಾಲು ಹಾಕುವವರು ನಾವು! ಸಾಲದ್ದಕ್ಕೆ ಕೊನೆಗೊಂದು 'ಉ' ಬೇರೆ. ನೀರು ಕುಡಿದಷ್ಟು ಸುಲಭ ಎನ್ನಲು ಇಂಗ್ಲಿಷಿನವರು 'ಪೀಸ್ ಆಫ್ ಕೇಕ್' ಎಂದರೆ, ಅತ್ತೆಯ ಬಾಯಲ್ಲಿ ಅದು 'ಪೀಸು ಆಫು ಕೇಕು'. ಸುಲಭವಂತೆ ಸುಲಭ!

ಉಪಾಯ ಹೊಳೆದದ್ದು ಜೋಳದ ರೊಟ್ಟಿಯ ಮುಂದೆ. ಪೀಸ್ ಆಫ್ ಎನ್ನುವಾಗ ಮೆಲ್ಲಗೆ ಎರಡು ತಟ್ಟು. ಕೇಕ್ ಎಂದಾಗ ಧಡ್! 'ಉ' ಬಾಯಿಗೆ ಬರುವ ಮೊದಲೇ ಅದರ ಕತೆ ಮುಗಿಯಿತು. ಕೆಳಗಿನ ಮನೆಯ ಮರಾಠಿ ಕಾಕೂ ಮೇಲೆ ಓಡಿ ಬಂದರು.

"ಕಾಯ್ ಚಾಲ್ಲಂಯ್ ಹೇ?" ಏನು ನಡೆಸಿದ್ದೀರಿ ಎಂದು ಗದರಿದರು.

"ಇಂಗ್ಲಿಷ್ ಚಾಲೂ ಆಹೇ!" ಎಂದಳು ಅತ್ತೆ, ಬಡಿಯುತ್ತಲೇ.

ಜಗಳಕ್ಕೆ ಬಂದ ಕಾಕೂ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಇಳಿದರು. ಅಂದಿನಿಂದ ಸದ್ದು ತಡವಾದರೆ ಕೆಳಗಿನಿಂದಲೇ ಕೂಗು: "ಆಜ್ ಇಂಗ್ಲಿಷ್ ನಾಹೀ ಕಾ?" ಇವತ್ತು ಇಂಗ್ಲಿಷ್ ಇಲ್ಲವೇ ಎಂದು!

ಲೋಕಲ್ ರೈಲಿನ ಪ್ರಸಂಗ ಮಗಳು ಹೇಳಿದ್ದು. ಲೇಡೀಸ್ ಡಬ್ಬಿಯಲ್ಲಿ ಪರೀಕ್ಷೆಗೆ ಹೊರಟ ಹುಡುಗಿಯೊಬ್ಬಳು ಹೆದರಿ ಕೂತಿದ್ದಳಂತೆ. ಕುರ್ಲಾ ಬಂತು. ಹುಡುಗಿ ಬಾಗಿಲಿಗೆ ಹೋಗಿ ಒಂದು ಕಾಲು ಕೆಳಗಿಡಬೇಕು, ಅಷ್ಟರಲ್ಲಿ ಅತ್ತೆ ಹಿಂದಿನಿಂದ ಗರ್ಜಿಸಿದಳು: "ಬ್ರೇಕ್ ಎ ಲೆಗ್!" ಒಳ್ಳೆಯದಾಗಲಿ ಎನ್ನುವ ಹಾರೈಕೆ ಅದು. ಡಬ್ಬಿಯವರಿಗೆ ಕೇಳಿಸಿದ್ದು ಕಾಲು ಮುರಿದುಕೋ ಎಂದು! ಎಲ್ಲರೂ ಛೀ ಥೂ ಎಂದು ಉಗಿದರು. "ಆದ್ರ ಒತ್ತು ಹೆಂಗ ಬಿತ್ತು, ಹೇಳ?" ಎಂದು ಅತ್ತೆ ದಾರಿಯುದ್ದಕ್ಕೂ ಮಗಳನ್ನು ಕೇಳಿದಳಂತೆ.

ರಿಸೆಪ್ಶನ್ ದಿನ ಮಗಳು ಸ್ಟೇಜಿನ ಮೇಲಿಂದ ನನಗೆ ಕಣ್ಸನ್ನೆ ಮಾಡಿದಳು: ನೀನೇ ಎದ್ದುಬಿಡು. ನಾನು ಅರ್ಧ ಎದ್ದೆ. ಅತ್ತೆ ನನ್ನ ಭುಜ ಒತ್ತಿ ಕೂರಿಸಿ, ಇಳಕಲ್ ಸೀರೆಯ ಸೆರಗು ಸಿಕ್ಕಿಸಿ, ಮೈಕು ಹಿಡಿದಳು. ನಮಸ್ಕಾರ, ಸ್ವಾಗತ ಎಲ್ಲ ಇಂಗ್ಲಿಷಿನಲ್ಲಿ ಸರಿಯಾಗಿಯೇ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಅತ್ತ ಒಮ್ಮೆ ದುರುಗುಟ್ಟಿ ನೋಡಿ, ಮಗಳ ಕಡೆ ತಿರುಗಿದಳು.

"ಯೂ ಆರ್ ದಿ ಆ್ಯಪಲ್ ಆಫ್..."

ನನ್ನ ಕಣ್ಮಣಿ ಎನ್ನುವ ಮಾತು. 'ಮೈ ಐ' ಎಂದು ಮುಗಿಸಬೇಕು. ಮೈ ಹಗುರ, ಐಗೆ ಒತ್ತು. ಮನೆಯಲ್ಲಿ ಎಷ್ಟು ರೊಟ್ಟಿ ಬಡಿದಿದ್ದಳೋ ಇದಕ್ಕೆ! ಆದರೆ ಮಗಳ ಮುಖ ನೋಡುತ್ತಲೇ ಕೈ ಎದೆಗೆ ಹೋಯಿತು. ಇದ್ದ ಬಲವೆಲ್ಲ ಒಂದೇ ಪದದ ಮೇಲೆ ಬಿತ್ತು.

"ಮೈ! ಮೈ... ಐ."

ತಪ್ಪು. ಒತ್ತು ಬಿದ್ದದ್ದು 'ನನ್ನ' ಎನ್ನುವುದಕ್ಕೆ. ಮೇಡಂ ಕೇಳಿದ್ದರೆ ಖಂಡಿತ ತಿದ್ದುತ್ತಿದ್ದರು. ನನಗಂತೂ ಕಣ್ಣೆಲ್ಲ ಮಂಜಾಯಿತು. ಮಗಳು ಸ್ಟೇಜಿನ ಮೇಲೆ ತಾಯಿಯ ಹತ್ತಿರ ಬಂದು, ಬಾಂದ್ರಾದವರೆಲ್ಲರ ಎದುರಿಗೆ, ಮೈಕಿಗೇ ಹೇಳಿದಳು:

"ಅವ್ವಾ, ಇನ್ನೊಂದ್ ಸಲ ಹೇಳ. ಹಂಗs ಹೇಳ."